ಮನೆ ನೋಡಲು ಬಂದವಳು

ಮಂಗಳವಾರ ಮಧ್ಯಾಹ್ನ ಮೂರೂವರೆಗೆ ಠಾಣೆಯ ಮೆಟ್ಟಿಲು ಹತ್ತಿದ ಹೆಂಗಸಿನ ಕೊರಳಲ್ಲಿ ಅಳತೆಯ ಟೇಪು ಹಾಗೆಯೇ ಇತ್ತು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಇನ್ನೊಂದರಲ್ಲಿ ನಾಲ್ಕು ವರ್ಷದ ಹೆಣ್ಣುಮಗುವೊಂದರ ಕೈ. ಬಾಗಿಲ ಬಳಿ ಕೂತಿದ್ದ ಹೆಡ್ ಕಾನ್‌ಸ್ಟೇಬಲ್ ಏನು ಎಂದು ಹುಬ್ಬೇರಿಸಿದ. ನಿವೃತ್ತಿಗೆ ಹತ್ತಿರವಾಗಿದ್ದ ಅವನನ್ನು ಠಾಣೆಯಲ್ಲಿ ಎಲ್ಲರೂ ಮಾವ ಎಂದೇ ಕರೆಯುತ್ತಿದ್ದರು.

"ಈ ಮಗು ನನ್ನದಲ್ಲ. ಮನೆ ನೋಡೋಕೆ ಬಂದವಳೊಬ್ಬಳು ನಮ್ಮನೇಲಿ ಬಿಟ್ಟು ಹೋಗಿದ್ದಾಳೆ" ಎಂದರು ಆಕೆ.

"ಮನೆ ನೋಡೋಕೆ ಬಂದವರು ಛತ್ರಿ ಮರೆತು ಹೋಗೋದು ಕೇಳಿದ್ದೆ" ಎಂದ ಮಾವ. ಆಕೆಗೆ ನಗು ಬರಲಿಲ್ಲ. ಮಾವ ಎದ್ದು ಕುರ್ಚಿ ಎಳೆದು ಕೊಟ್ಟ.

ಇನ್‌ಸ್ಪೆಕ್ಟರ್ ದೂರನ್ನು ಖುದ್ದಾಗಿ ಕೇಳಿಸಿಕೊಂಡರು. ದೂರುದಾರರನ್ನು ಬೀದಿಯವರೆಲ್ಲ ಟೈಲರಮ್ಮ ಎನ್ನುತ್ತಾರೆ. ಒಂಟಿ ಜೀವ, ಸ್ವಂತ ಮನೆ, ಮುಂದಿನ ಕೋಣೆಯಲ್ಲೇ ಹೊಲಿಗೆ. ಮನೆ ಮಾರಿ ದೂರದ ಊರಿನ ಅಕ್ಕನ ಜೊತೆ ಅಂಗಡಿ ಇಡುವ ಯೋಚನೆ. ದಲ್ಲಾಳಿಗಳ ಹೆಸರೆತ್ತಿದರೆ ಆಕೆಗೆ ಮೈಯೆಲ್ಲ ಉರಿ. ಊರಿನವರ ಬಟ್ಟೆಯೆಲ್ಲ ಹೊಲಿದು ಕೊಡುವವಳಿಗೆ ತನ್ನದೇ ಮನೆ ಮಾರಿಕೊಳ್ಳಲು ಬರುವುದಿಲ್ಲವೇ ಎಂದು, ಹಳೆಯ ರಟ್ಟಿನ ಮೇಲೆ ಬಣ್ಣದಲ್ಲಿ ಬರೆದು ಗೇಟಿಗೆ ಕಟ್ಟಿದ್ದರು: ಮನೆ ಮಾರಾಟಕ್ಕಿದೆ. ಮಾಲೀಕರನ್ನೇ ಕಾಣಿರಿ. ದಲ್ಲಾಳಿಗಳು ಬೇಡ. ಕೆಳಗೆ ತಮ್ಮ ಫೋನ್ ನಂಬರು.

ಅಂದಿನಿಂದ ಮನೆ ಸಂತೆಯಾಗಿತ್ತು. ಬಂದವರ ಹೆಸರು, ವಿಳಾಸ ಕೇಳುವ ಅಭ್ಯಾಸ ಟೈಲರಮ್ಮನಿಗಿರಲಿಲ್ಲ. ಬಂದವರನ್ನೆಲ್ಲ ಒಳಗೆ ಕರೆದು ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ತಾರಸಿ ಎಲ್ಲ ತಾವೇ ತೋರಿಸುತ್ತಿದ್ದರು. ಈ ಹೆಂಗಸು ಹೋದ ವಾರ ಫೋನ್ ಮಾಡಿ ಒಬ್ಬಳೇ ಬಂದು ನೋಡಿ ಹೋಗಿದ್ದಳು. ಇವತ್ತು ಮತ್ತೆ ಬಂದಳು, ಮಗುವಿನ ಜೊತೆ. ಅದೇ ಹೊತ್ತಿಗೆ ಇನ್ನೊಂದು ಜೋಡಿಯೂ ಬಂದಿತ್ತು. ಅವರಿಗೆ ತಾರಸಿಯ ಮೇಲಿನ ನೀರಿನ ಟ್ಯಾಂಕು ತೋರಿಸಿ ಟೈಲರಮ್ಮ ಕೆಳಗಿಳಿದಾಗ ಹೆಂಗಸು ಇರಲಿಲ್ಲ. ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಮಗು ಚೀಲ ತಬ್ಬಿಕೊಂಡು ಕೂತಿತ್ತು. ಬರುತ್ತಾಳೆ, ಬರುತ್ತಾಳೆ ಎಂದು ಎರಡು ಗಂಟೆ ಕಾದು, ಬೀದಿಯ ಎರಡೂ ತುದಿ ನೋಡಿ ಬಂದು, ಕೊನೆಗೆ ಠಾಣೆಗೆ ಹೊರಟಿದ್ದರು.

"ಇದು ದಲ್ಲಾಳಿಗಳದೇ ಕೆಲಸ ಸಾರ್" ಎಂದರು ಟೈಲರಮ್ಮ. "ದಿನಾ ಫೋನ್ ಮಾಡಿ ಪೀಡಿಸ್ತಾರೆ. ಒಂಟಿ ಹೆಂಗಸು, ಹೀಗೊಂದು ತಲೆನೋವು ತಂದಿಟ್ರೆ ಹೆದರಿ ನಮ್ಮ ಹತ್ರಾನೇ ಬರ್ತಾಳೆ ಅಂತ."

ಮಗುವಿನ ಹೆಸರು ಏನೆಂದು ಇನ್‌ಸ್ಪೆಕ್ಟರ್ ಕೇಳಿದರು. ಮಹಿಳಾ ಕಾನ್‌ಸ್ಟೇಬಲ್ ಕೇಳಿದಳು. ಮಾವ ತನ್ನ ಟೋಪಿಯನ್ನು ಅದರ ತಲೆಗಿಟ್ಟು ಕೇಳಿದ. ಮಗು ಬಿಸ್ಕತ್ತು ತಿಂದಿತು, ನೀರು ಕುಡಿಯಿತು, ತುಟಿ ಬಿಚ್ಚಲಿಲ್ಲ. ಮೂಗಿ ಇರಬೇಕು ಎಂದು ಮಾವ ಮೆಲ್ಲಗೆ ಅಂದ. ಅದೇ ಹೊತ್ತಿಗೆ ಮೂಲೆಯಲ್ಲಿ ಬೆಕ್ಕೊಂದು ಸುಳಿಯಿತು. ಮಗು "ಬೆಕ್ಕು" ಎಂದು ಸ್ಪಷ್ಟವಾಗಿ ಹೇಳಿ ಮತ್ತೆ ಬಾಯಿ ಮುಚ್ಚಿಕೊಂಡಿತು.

ಹನ್ನೆರಡು ವರ್ಷದೊಳಗಿನ ಮಗುವನ್ನು ತೊರೆದುಹೋದ ಅಪರಾಧಕ್ಕೆ ಎಫ್‌ಐಆರ್ ದಾಖಲಾಯಿತು. ಮಗುವನ್ನು ಬಾಲಮಂದಿರಕ್ಕೆ ಕಳಿಸಿ, ಸಂಜೆ ಐದರ ಹೊತ್ತಿಗೆ ಟೈಲರಮ್ಮನ ಮನೆಯಲ್ಲಿ, ಅಕ್ಕಪಕ್ಕದ ಇಬ್ಬರನ್ನು ಪಂಚರನ್ನಾಗಿ ಕೂರಿಸಿಕೊಂಡು ಸ್ಥಳ ಪಂಚನಾಮೆ ನಡೆಸಿದರು. ಚೀಲದಲ್ಲಿ ಬಾಚಣಿಗೆ, ಸ್ವೆಟರು, ನಾಲ್ಕು ಫ್ರಾಕು. ಮಾವ ಒಂದೊಂದನ್ನೇ ಎತ್ತಿ ತೋರಿಸುತ್ತಿದ್ದ, ಇನ್‌ಸ್ಪೆಕ್ಟರ್ ಬರೆಸುತ್ತಿದ್ದರು. ಮಹಿಳಾ ಕಾನ್‌ಸ್ಟೇಬಲ್‌ಗೆ ಮನೆಯಲ್ಲಿ ಅದೇ ವಯಸ್ಸಿನ ಮಗಳಿದ್ದಳು. ಅವಳು ಫ್ರಾಕುಗಳನ್ನು ಮೇಜಿನ ಮೇಲೆ ಒಂದರ ಪಕ್ಕ ಒಂದು ಹರಡಿ ಒಂದೊಂದರ ಮೇಲೂ ಬೆರಳಿಟ್ಟಳು.

"ಸಾರ್, ಇದು ಈಗ ಹಾಕೋದು. ಇದು ಮುಂದಿನ ವರ್ಷಕ್ಕೆ. ಇದು ಅದರ ಮುಂದಿನ ವರ್ಷಕ್ಕೆ. ಇದು ಶಾಲೆಗೆ ಹೋಗೋ ವಯಸ್ಸಿಗೆ."

ಬೇಡವಾಗಿ ಎಸೆದು ಹೋಗುವವರು ಹೀಗೆ ಬಟ್ಟೆ ಕಟ್ಟಿ ಕಳಿಸುವುದಿಲ್ಲ ಎಂಬುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಾಗಿತ್ತು. ಟೈಲರಮ್ಮ ಮಾತ್ರ ದಲ್ಲಾಳಿಗಳನ್ನು ಬಯ್ಯುವುದನ್ನು ಇನ್ನೂ ಬಿಟ್ಟಿರಲಿಲ್ಲ.

ಬುಧವಾರ ಬೆಳಿಗ್ಗೆ ಆಕೆಯ ಫೋನಿಗೆ ಬಂದ ಕರೆಗಳನ್ನು ತಾಳೆ ನೋಡಿದಾಗ ಆಕೆಯ ಮಾತೇ ಗೆದ್ದ ಹಾಗೆ ಕಂಡಿತು. ಹೋದ ವಾರ ಹೆಂಗಸು ಮಾತಾಡಿದ್ದ ನಂಬರು ಪೇಟೆ ಬೀದಿಯ ಮನೆ ದಲ್ಲಾಳಿಯೊಬ್ಬನ ಕಚೇರಿಯದು.

ದಲ್ಲಾಳಿಯ ಕಚೇರಿಯಲ್ಲಿ ಎ.ಸಿ. ಯಂತ್ರ ಗೊರಗುಟ್ಟುತ್ತಿತ್ತು. ಗೋಡೆ ತುಂಬ ಮನೆಗಳ ಬಣ್ಣದ ಚಿತ್ರ. ದಲ್ಲಾಳಿ ಪೊಲೀಸರನ್ನು ಕಂಡದ್ದೇ ಬೆಣ್ಣೆಯಂತೆ ಕರಗಿ ಕುರ್ಚಿ ತರಿಸಿದ, ಕಾಫಿ ತರಿಸುತ್ತೇನೆಂದ.

"ಟೈಲರಮ್ಮನ ಮನೆಗೆ ಫೋನ್ ಮಾಡಿದ್ದು ಯಾರು?"

"ನಾವು ಯಾಕೆ ಮಾಡ್ತೀವಿ ಸಾರ್? ಅವರು ನಮ್ಮ ಗಿರಾಕಿಯಲ್ಲ."

"ನಿಮ್ಮ ನಂಬರಿಂದ ಹೋಗಿದೆ."

ದಲ್ಲಾಳಿ ಕತ್ತಿನ ಬೆವರು ಒರೆಸಿಕೊಂಡ. ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಅವನ ಎದುರಿಗೆ ಕೂತರು. ಆಮೇಲೆ ಒಂದೊಂದಾಗಿ ಹೊರಬಂತು. ದಲ್ಲಾಳಿ ಬೇಡವೆಂದು ಬೋರ್ಡು ಹಾಕಿದವರನ್ನು ಹುಡುಕಿ, ಮನೆ ಕೊಳ್ಳುವವರಂತೆ ನಟಿಸಿ ಫೋನ್ ಮಾಡುವುದು ಆ ಕಚೇರಿಯ ದಿನನಿತ್ಯದ ಕಸುಬು. ಒಳಗೆ ಕಾಲಿಟ್ಟರೆ ಆಮೇಲೆ ಮಾತಿನಲ್ಲಿ ಮರುಳು ಮಾಡಬಹುದು. ಅಂಥ ನಂಬರುಗಳನ್ನೆಲ್ಲ ಗೋಡೆಯ ಹಲಗೆಯ ಮೇಲೆ ಬರೆದಿಟ್ಟಿದ್ದರು. ಆದರೆ ಫೋನ್ ಮಾಡುವವರು ಮೂವರೂ ಗಂಡಸರು, ಹೆಂಗಸರ ದನಿಯಲ್ಲಿ ಮಾತಾಡುವ ವಿದ್ಯೆ ಅವರಿಗಿನ್ನೂ ಬಂದಿಲ್ಲ ಎಂದು ದಲ್ಲಾಳಿ ಹಲ್ಲು ಕಿರಿದ.

"ಕಚೇರಿಯಲ್ಲಿ ಹೆಂಗಸರೇ ಇಲ್ವ?"

"ಇಲ್ಲ ಸಾರ್. ಕಸ ಗುಡಿಸೋಳು ಒಬ್ಬಳಿದ್ಲು. ಶನಿವಾರ ಬಿಟ್ಟು ಹೋದ್ಲು. ಅವಳನ್ನೇನು ಲೆಕ್ಕಕ್ಕೆ ಹಿಡೀತೀರ?"

ಇನ್‌ಸ್ಪೆಕ್ಟರ್ ಹಲಗೆಯ ಕಡೆ ನೋಡಿದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು, ಬೀಗ ತೆಗೆದು, ಒಬ್ಬಳೇ ಕಸ ಗುಡಿಸುತ್ತಿದ್ದವಳ ಎದುರಿಗೆ ಅದು ದಿನವೂ ಇತ್ತು. ಫೋನು ಪಕ್ಕದಲ್ಲೇ. ಅವಳಿಗೆ ಒಂದು ಮಗುವಿದೆಯೆಂದೂ, ಆಗಾಗ ಇಲ್ಲಿಗೆ ಕರೆತಂದು ಮೇಜಿನ ಕೆಳಗೆ ಕೂರಿಸುತ್ತಿದ್ದಳೆಂದೂ, ಸದ್ದೇ ಮಾಡದ ಮಗುವೆಂದೂ ಗುಮಾಸ್ತನೊಬ್ಬ ಹೇಳಿದ. ಅವಳ ಮನೆ ಎಲ್ಲಿ ಎಂಬುದು ಹೊಳೆಯಲು ಎಲ್ಲರಿಗೂ ಸ್ವಲ್ಪ ಹೊತ್ತು ಹಿಡಿಯಿತು. ಹಿಟ್ಟಿನ ಗಿರಣಿಯ ಹಿಂದೆ ಎಲ್ಲೋ ಇರಬೇಕು ಎಂದರು.

ಅಲ್ಲಿಗೆ ಹೋಗುವ ಮುಂಚೆ ಇನ್‌ಸ್ಪೆಕ್ಟರ್ ಹಲಗೆಯ ಮೇಲಿದ್ದ ಬೇರೆ ಮನೆಗಳಿಗೂ ಮಾವನನ್ನು ಅಟ್ಟಿದರು. ಮಾವ ಊಟದ ಹೊತ್ತಿಗೆ ಸುಸ್ತಾಗಿ ಬಂದು ಕೂತ. ಮೂರು ಮನೆಯವರಿಗೆ ಅವಳ ನೆನಪಿತ್ತು. ಮನೆ ಕೊಳ್ಳುವವಳಂತೆ ಕಾಣದಿದ್ದರೂ, ಯಾವುದೋ ದೊಡ್ಡವರ ಪರವಾಗಿ ನೋಡಲು ಬಂದಿರಬೇಕು ಎಂದು ಎಲ್ಲರೂ ಒಳಗೆ ಬಿಟ್ಟಿದ್ದರು. ಅವಳು ಬೆಲೆ ಕೇಳಿರಲಿಲ್ಲ, ಪತ್ರ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ಮಾತ್ರ ಬಹಳ ಹೊತ್ತು ನಿಂತಿದ್ದಳು. ಒಬ್ಬ ನಿವೃತ್ತ ಗುಮಾಸ್ತರು ಅವಳ ಎದುರಿಗೇ ಹೆಂಡತಿಯನ್ನು ಗದರಿಸಿದ್ದರಂತೆ, ಅದನ್ನು ಕಂಡವಳು ನಮಸ್ಕಾರ ಹೇಳಿ ಹೊರಟುಬಿಟ್ಟಳಂತೆ. ಮನೆ ಹಿಡಿಸಲಿಲ್ಲವೇನೋ ಎಂದು ಅವರು ಇವತ್ತಿನವರೆಗೂ ಅಂದುಕೊಂಡಿದ್ದರು.

"ಎಲ್ಲರ ಹತ್ರಾನೂ ಒಂದೇ ಪ್ರಶ್ನೆ ಸಾರ್" ಎಂದ ಮಾವ. "ಮನೆ ಮಾರಿದ ಮೇಲೆ ಊರು ಬಿಟ್ಟು ಹೋಗ್ತೀರಾ ಅಂತ. ಇದೇ ಊರಲ್ಲಿರ್ತೀವಿ ಅಂದವರ ಮನೆಗೆ ಮತ್ತೆ ಹೋಗೇ ಇಲ್ಲ."

"ಅವಳು ಮನೆ ನೋಡ್ತಿರಲಿಲ್ಲ ಮಾವ" ಎಂದರು ಇನ್‌ಸ್ಪೆಕ್ಟರ್. "ಮನೆಯವರನ್ನ ನೋಡ್ತಿದ್ದಳು."

ಗಿರಣಿಯ ಹಿಂದೆ ಸಾಲಾಗಿ ಒಂಟಿ ಕೋಣೆಗಳು. ಗೋಡೆ, ಗಿಡ, ಹಗ್ಗದ ಮೇಲಿನ ಬಟ್ಟೆ, ಎಲ್ಲಕ್ಕೂ ಹಿಟ್ಟಿನ ಪುಡಿ ಮೆತ್ತಿಕೊಂಡಿತ್ತು. ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದ ಮುದುಕಿ ಪೊಲೀಸರನ್ನು ನೋಡಿದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮಗೂನ ವಿಷಯಕ್ಕೆ ಬಂದ್ರಾ? ಪಾಪ, ಚಿನ್ನದಂಥ ಮಗು. ಜ್ವರ ಬಂತು ಅಂತ ಊರಿಗೆ ಕರ್ಕೊಂಡು ಹೋಗಿದ್ಲು, ನಿನ್ನೆ ಸಂಜೆ ಒಬ್ಬಳೇ ಬಂದ್ಲು. ಅಲ್ಲೇ ಮಣ್ಣು ಮಾಡಿ ಬಂದಳಂತೆ."

ಮಹಿಳಾ ಕಾನ್‌ಸ್ಟೇಬಲ್ ಬಾಯಿ ತೆರೆದಳು. ಇನ್‌ಸ್ಪೆಕ್ಟರ್ ಅವಳ ಕಡೆ ಒಮ್ಮೆ ನೋಡಿದರು. ಅವಳು ಬಾಯಿ ಮುಚ್ಚಿಕೊಂಡಳು.

ಅವಳ ಗಂಡ ಎಲ್ಲಿ ಎಂದು ಇನ್‌ಸ್ಪೆಕ್ಟರ್ ವಿಚಾರಿಸಿದರು. ಯಾರನ್ನೋ ಹೊಡೆದು ಜೈಲಿಗೆ ಹೋಗಿದ್ದಾನೆ, ಶುಕ್ರವಾರ ಬಿಡುಗಡೆ ಎಂದಳು ಮುದುಕಿ. ಆಮೇಲೆ ದನಿ ತಗ್ಗಿಸಿ, ಅವನು ಬರುವಷ್ಟರಲ್ಲಿ ದೇವರು ಆ ಮಗುವನ್ನು ಕರೆದುಕೊಂಡದ್ದೇ ಒಳ್ಳೆಯದಾಯಿತೇನೋ ಎಂದಳು. ಹೀಗೆನ್ನಬಾರದು ಎಂದು ತನ್ನ ಕೆನ್ನೆಗೆ ತಾನೇ ಹೊಡೆದುಕೊಂಡಳು.

ಕೋಣೆಯ ಬಾಗಿಲು ತೆರೆದೇ ಇತ್ತು. ಅವಳು ಗೋಡೆಗೆ ಒರಗಿ ಕೂತಿದ್ದಳು. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಅತ್ತು ಬತ್ತಿದ ಮುಖ. ಕೋಣೆಯಲ್ಲಿ ಮಗುವಿನದು ಎನ್ನುವ ಒಂದು ವಸ್ತುವೂ ಇರಲಿಲ್ಲ. ಪೊಲೀಸರನ್ನು ಕಂಡು ಅವಳು ಓಡಲಿಲ್ಲ, ಕೂಗಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ ಸಾರ್, ಪಕ್ಕದವರಿಗೆ ಕೇಳಿಸುತ್ತೆ ಎಂದಷ್ಟೇ ಬೇಡಿಕೊಂಡಳು.

ವಿಚಾರಣೆ ಠಾಣೆಯಲ್ಲಿ ನಡೆಯಿತು.

"ಮಗು ಎಲ್ಲಮ್ಮ?"

"ತೀರಿಹೋಯ್ತು ಸಾರ್."

"ಎಲ್ಲಿ?"

"ಊರಲ್ಲಿ."

"ಮಣ್ಣು ಮಾಡಿದ್ದು ಯಾರು?"

ಇನ್‌ಸ್ಪೆಕ್ಟರ್ ಚೀಲದಿಂದ ನಾಲ್ಕು ಫ್ರಾಕುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಅವಳು ಅವನ್ನೇ ನೋಡುತ್ತ ಕೂತಳು. ತಲೆಯೆತ್ತದೆ ಕೇಳಿದಳು:

"ಊಟ ಮಾಡಿದ್ಳಾ ಸಾರ್?"

ಮಾಡಿದಳು ಎಂದರು ಇನ್‌ಸ್ಪೆಕ್ಟರ್. ಅಲ್ಲಿಂದ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ.

ಗಂಡ ಜೈಲಿಗೆ ಹೋದದ್ದು ಹೊರಗಿನವನನ್ನು ಹೊಡೆದದ್ದಕ್ಕೆ. ಮನೆಯಲ್ಲಿ ಹೊಡೆದದ್ದಕ್ಕೆ ಯಾವ ಕಾಗದವೂ ಇರಲಿಲ್ಲ. ಮಗುವಿಗೆ ಎರಡು ವರ್ಷವಾಗಿದ್ದಾಗ, ಅಳು ನಿಲ್ಲಿಸಲಿಲ್ಲವೆಂದು ಅದರ ತೋಳು ತಿರುಚಿ ಮುರಿದಿದ್ದ. ಆಸ್ಪತ್ರೆಯಲ್ಲಿ ಅವನು ಪಕ್ಕದಲ್ಲೇ ನಿಂತಿದ್ದ. ಮೆಟ್ಟಿಲಿಂದ ಬಿದ್ದಳು ಎಂದು ಇವಳೇ ಬರೆಸಿದ್ದಳು. ಅಂದಿನಿಂದ ಮಗು ಅಳುವುದನ್ನೇ ಬಿಟ್ಟಿತು. ಜೈಲಿಗೆ ನೋಡಲು ಹೋದಾಗಲೆಲ್ಲ ಅವನದು ಒಂದೇ ಮಾತು: ಹೊರಗೆ ಬಂದ ದಿನ ಮೊದಲು ಅದನ್ನು ಮುಗಿಸುತ್ತೇನೆ, ಆಮೇಲೆ ನಿನ್ನನ್ನು.

"ನೆಂಟರ ಮನೆ ಇರಲಿಲ್ವ?"

"ಅವನು ಮೊದಲು ಅಲ್ಲೇ ಹೋಗ್ತಾನೆ."

"ಬಾಲಮಂದಿರ?"

"ಅಪ್ಪ ಅಂತ ಸಹಿ ಹಾಕಿ ಕರ್ಕೊಂಡು ಬರ್ತಾನೆ."

"ನೀನೂ ಮಗು ಜೊತೆ ಎಲ್ಲಾದ್ರೂ ಹೋಗಬಹುದಿತ್ತಲ್ಲ."

"ಎರಡು ಸಲ ಹೋದೆ ಸಾರ್, ಅವನು ಒಳಗೆ ಹೋಗೋ ಮುಂಚೆ. ಎರಡು ಸಲಾನೂ ಹುಡುಕಿ ಎಳ್ಕೊಂಡು ಬಂದ. ನಾನು ಇಲ್ಲೇ ಸಿಕ್ಕಿದ್ರೆ, ಮಗು ಸತ್ತಿದೆ ಅಂತ ಊರೆಲ್ಲ ಹೇಳಿದ್ರೆ, ಅವನು ಹುಡುಕೋಕೆ ಹೋಗಲ್ಲ."

"ಠಾಣೆಗೆ ಬರಬಹುದಿತ್ತು."

"ಬಂದಿದ್ದೆ ಸಾರ್. ಹೊರಗಡೆ ಆ ಬೆಂಚಲ್ಲೇ ಕೂತಿದ್ದೆ. ಗಂಡ ಹೆಂಡ್ತಿ ಜಗಳ, ಮನೆಗೆ ಹೋಗಿ ಅಡುಗೆ ಮಾಡು ಅಂದ್ರು."

ಹೇಳಿಕೆ ಬರೆದುಕೊಳ್ಳುತ್ತಿದ್ದ ಮಾವನ ಪೆನ್ನು ನಿಂತಿತು. ಅವಳು ಯಾರ ಕಡೆಯೂ ಬೆರಳು ಮಾಡಲಿಲ್ಲ. ಮಾವ ತಲೆಯೆತ್ತಿ ನೋಡಲೂ ಇಲ್ಲ. ಬರೆದುಕೊಳ್ಳಿ, ಅದನ್ನೂ ಬರೆದುಕೊಳ್ಳಿ ಎಂದು ಇನ್‌ಸ್ಪೆಕ್ಟರ್ ಗಡುಸಾಗಿಯೇ ಹೇಳಿದರು.

ಮನೆ ಮಾರುವವರ ಹಿಂದೆ ಯಾಕೆ ಬಿದ್ದೆ ಎಂದದ್ದಕ್ಕೆ ಅವಳಿಗೆ ಇದು ಕೇಳಬೇಕಾದ ಪ್ರಶ್ನೆಯೇ ಅಲ್ಲ ಎನಿಸಿದಂತಿತ್ತು.

"ಬೇರೆ ಯಾರು ಸಾರ್ ನನ್ನಂಥವಳನ್ನ ಮನೆ ಒಳಗೆ ಕರೆದು ಅಡುಗೆಮನೆ, ಮಲಗೋ ಕೋಣೆ ಎಲ್ಲ ತೋರಿಸ್ತಾರೆ? ದಲ್ಲಾಳಿ ಇದ್ರೆ ಬರೀ ಗೋಡೆ ನೋಡಬಹುದು. ಮಾಲೀಕರೇ ತೋರಿಸಿದ್ರೆ ಅವರು ಎಂಥವರು ಅಂತ ಗೊತ್ತಾಗುತ್ತೆ. ಅದೂ ಅಲ್ದೆ, ಮಾರಿದ ಮೇಲೆ ಊರು ಬಿಟ್ಟು ಹೋಗ್ತಾರೆ. ಎಲ್ಲಿ ಅಂತ ನನಗೂ ಗೊತ್ತಿರಬಾರದು. ಅವನು ಹೊಡೆದ್ರೆ ನಾನು ಬಾಯಿಬಿಟ್ಟುಬಿಡ್ತೀನಿ."

"ಟೈಲರಮ್ಮನೇ ಯಾಕೆ?"

"ಬಚ್ಚಲ ಗೋಡೆ ನೀರು ಇಳಿಯುತ್ತೆ, ನೋಡಿ ತಗೊಳ್ಳಿ ಅಂತ ಅವರಾಗೇ ಹೇಳಿದ್ರು. ಬೇರೆಯವರೆಲ್ಲ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ ಮುಚ್ಚಿಟ್ಟಿದ್ರು."

ಟೈಲರಮ್ಮ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಗುರುತಿಗೆಂದು ಒಳಗೆ ಕರೆಸಿದಾಗ, ಹೌದು, ಇವಳೇ ಎಂದರು. ಅಲ್ಲಿಯವರೆಗೆ ಕೇಳಿದ್ದನ್ನು ಇನ್‌ಸ್ಪೆಕ್ಟರ್ ಅವರಿಗೆ ಚುಟುಕಾಗಿ ತಿಳಿಸಿದರು. ಟೈಲರಮ್ಮನ ಮುಖ ಸುಣ್ಣವಾಯಿತು. ದೂರು ವಾಪಸ್ಸು ತೆಗೆದುಕೊಳ್ಳುತ್ತೇನೆ, ತಪ್ಪು ತಿಳಿದು ಕೊಟ್ಟೆ ಎಂದು ಬರೆದುಕೊಳ್ಳಿ ಎಂದರು. ಇಂಥ ಕೇಸಿನಲ್ಲಿ ದೂರುದಾರರು ಬೇಡವೆಂದರೆ ಎಫ್‌ಐಆರ್ ರದ್ದಾಗುವುದಿಲ್ಲ, ಕೋರ್ಟಿಗೆ ಹೋಗಿಯೇ ಹೋಗುತ್ತದೆ, ಮಗುವಿನ ತಂದೆಗೂ ತಿಳಿಯುತ್ತದೆ ಎಂದು ಇನ್‌ಸ್ಪೆಕ್ಟರ್ ವಿವರಿಸಬೇಕಾಯಿತು. ಟೈಲರಮ್ಮ ಆ ಹೆಂಗಸಿನ ಕಡೆ ತಿರುಗಿದರು.

"ನನ್ನನ್ನ ಒಂದು ಮಾತು ಕೇಳಬಾರದಿತ್ತೇನೇ?"

"ಕೇಳಿದ್ರೆ ಯಾರು ಹೂಂ ಅಂತಾರಮ್ಮ?"

ಕೇಳಿದ್ದರೆ ತಾನು ಏನು ಹೇಳುತ್ತಿದ್ದೆ ಎಂಬುದು ಟೈಲರಮ್ಮನಿಗೆ ಗೊತ್ತಿತ್ತು. ಕುರ್ಚಿಯ ಮೇಲೆ ಕುಸಿದು ಸೆರಗು ಬಾಯಿಗಿಟ್ಟುಕೊಂಡು ಅತ್ತರು.

ಇನ್‌ಸ್ಪೆಕ್ಟರ್ ತಮ್ಮ ಕೈಲಾದದ್ದನ್ನು ಮಾಡಿದರು. ಮಗುವಿನ ತೋಳನ್ನು ಸರ್ಕಾರಿ ವೈದ್ಯರಿಗೆ ತೋರಿಸಿ, ಮುರಿದ ಬಗೆ ಎಂಥದ್ದೆಂದು ಬರವಣಿಗೆಯಲ್ಲಿ ಅಭಿಪ್ರಾಯ ಕೇಳಿದರು. ಆಸ್ಪತ್ರೆಯಲ್ಲಿ ಅಂದು ಸುಳ್ಳು ಹೇಳಿದ್ದೆ ಎಂಬ ಅವಳ ಹೇಳಿಕೆಯ ಮೇಲೆ ಗಂಡನ ವಿರುದ್ಧ ಇನ್ನೊಂದು ಎಫ್‌ಐಆರ್ ಬರೆಸಿದರು. ಮಗುವನ್ನು ತಂದೆಯ ವಶಕ್ಕೆ ಕೊಡಬಾರದೆಂದು ಮಕ್ಕಳ ಕಲ್ಯಾಣ ಸಮಿತಿಗೆ ಪತ್ರ ಕಳಿಸಿದರು. ಸಮಿತಿ ಒಪ್ಪುತ್ತದೆಯೇ, ಎರಡು ವರ್ಷದ ಹಿಂದಿನ ಸುಳ್ಳನ್ನು ಕೋರ್ಟು ಈಗ ಸುಳ್ಳೆಂದು ನಂಬುತ್ತದೆಯೇ ಎಂದು ಅವಳು ಕೇಳಿದಳು. ಅವರು ಸುಳ್ಳು ಸಮಾಧಾನ ಹೇಳಲಿಲ್ಲ. ಶುಕ್ರವಾರಕ್ಕೆ ನಡುವೆ ಒಂದೇ ದಿನ ಉಳಿದಿತ್ತು.

ಉಳಿದದ್ದು ಒಂದೇ ಕೆಲಸ. ಮಗು ಇವಳದೇ ಎನ್ನಲು ದಾಖಲೆ ಏನೂ ಇನ್ನೂ ಕೈಗೆ ಸಿಕ್ಕಿರಲಿಲ್ಲ. ಜನನ ಪತ್ರವನ್ನು ಅವಳೇ ಸುಟ್ಟುಹಾಕಿದ್ದಳು. ಅದಕ್ಕೇ ಮಗು ತಾಯಿಯನ್ನು ಗುರುತಿಸುವುದನ್ನು ಬರೆದುಕೊಳ್ಳಬೇಕಾಗಿತ್ತು. ಸಂಜೆ ಆರರ ಸುಮಾರಿಗೆ ಬಾಲಮಂದಿರದ ಆಯಾ ಮಗುವನ್ನು ಕರೆತಂದಳು. ಬೇರೆಯವರ ಅಳತೆಯ ಅಂಗಿ ಅದರ ಮೊಣಕಾಲಿನ ಕೆಳಗೂ ಇಳಿದಿತ್ತು. ತಾಯಿ ಕೋಣೆಯ ಆಚೆ ಬದಿಯಲ್ಲಿ, ಮಹಿಳಾ ಕಾನ್‌ಸ್ಟೇಬಲ್ ಪಕ್ಕದಲ್ಲಿ ನಿಂತಿದ್ದಳು. ಇನ್‌ಸ್ಪೆಕ್ಟರ್ ಮಗುವಿನ ಎತ್ತರಕ್ಕೆ ಬಗ್ಗಿ ಕೂತರು.

"ಪುಟ್ಟಿ, ಅಲ್ಲಿ ನಿಂತಿದ್ದಾರಲ್ಲ, ಅವರು ಯಾರು?"

ಮಗು ನೋಡಿತು. ಅದರ ಕೆಳತುಟಿ ನಡುಗಿತು. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿತು.

"ಗೊತ್ತಿಲ್ಲ" ಎಂದಿತು.

"ನಿನ್ನ ಅಮ್ಮ ಅಲ್ವ?"

ಮಗು ಅಲ್ಲವೆಂದು ತಲೆಯಾಡಿಸಿತು. ತಿರುಗಿ ಬಾಗಿಲ ಬಳಿಯಿದ್ದ ಟೈಲರಮ್ಮನ ಹತ್ತಿರ ಹೋಗಿ, ಅವರ ಸೀರೆಯಲ್ಲಿ ಮುಖ ಹುದುಗಿಸಿ ನಿಂತುಕೊಂಡಿತು. ಮತ್ತೆ ಆ ಕಡೆ ನೋಡಲಿಲ್ಲ.

ಮಗು ತಾಯಿಯನ್ನು ಗುರುತಿಸಲಿಲ್ಲ ಎಂದು ಮಾವ ಬರೆದ. ಆರೂ ಇಪ್ಪತ್ತಕ್ಕೆ ಇನ್‌ಸ್ಪೆಕ್ಟರ್ ಬಂಧನದ ಕಾಗದ ಮುಂದಿಟ್ಟರು, ಅವಳು ಹೆಬ್ಬೆಟ್ಟು ಒತ್ತಿದಳು. ಜೀಪು ಹತ್ತುವಾಗ ಮಹಿಳಾ ಕಾನ್‌ಸ್ಟೇಬಲ್‌ಗೆ ತಡೆಯಲಾಗಲಿಲ್ಲ. ಮಗು ಯಾಕೆ ಹಾಗೆ ಮಾಡಿತು ಎಂದು ಕೇಳಿದಳು.

ತಾನೇ ಕಲಿಸಿದ್ದು ಎಂದಳು ಆ ಹೆಂಗಸು. ಇನ್ನು ಮೇಲೆ ಎಲ್ಲೇ ಕಂಡರೂ, ಯಾರೇ ಕೇಳಿದರೂ, ಹೆಸರು ಹೇಳಬೇಡ, ನನ್ನನ್ನು ಗೊತ್ತಿಲ್ಲ ಅನ್ನು ಎಂದು, ಒಂದು ತಿಂಗಳಿಂದ ಕೋಣೆಯ ಆಚೆ ತುದಿಯಲ್ಲಿ ತಾನು ನಿಂತು, ಈಚೆ ತುದಿಯಲ್ಲಿ ಅದನ್ನು ನಿಲ್ಲಿಸಿ, ದಿನವೂ ಆಟದ ಹಾಗೆ ಹೇಳಿಕೊಟ್ಟಿದ್ದಳು.

"ಒಂದು ದಿನಾನೂ ಸರಿಯಾಗಿ ಹೇಳಿರಲಿಲ್ಲ ಮೇಡಂ" ಎಂದಳು. "ಪ್ರತಿ ಸಲಾನೂ ನಕ್ಕೊಂಡು, ಅಮ್ಮಾ ಅಂತ ಓಡಿ ಬಂದುಬಿಡೋಳು. ಇವತ್ತೇ ಮೊದಲು."